ಕಂಟ್ರೋಲ್ ಫ್ಲಾಸ್ಕ್‌ನಲ್ಲಿ ಕಂಡ ಬ್ಯಾಂಡ್: ನನ್ನ ಅನುಭವ

ಹಾಸನದ ಹವೆಯಲ್ಲಿ ಕಪ್ಪೆಯ ಕೋಶ ಬೆಳೆಸುವುದು ಸುಲಭ ಅಂತ ನಂಬಿದ್ದೆ. ನನ್ನ ಹತ್ತಿರ ಇದ್ದದ್ದು ಎ6 ಕೋಶಗಳು. ಆಫ್ರಿಕಾದ ಕ್ಸೆನೋಪಸ್ ಕಪ್ಪೆಯ ಕಿಡ್ನಿಯಿಂದ ಬಂದವು. ಅವಕ್ಕೆ 22 ಡಿಗ್ರಿ ಸಾಕು. ಎಲ್-15 ಅನ್ನುವ ಮೀಡಿಯಂ (ಕೋಶಗಳು ಬೆಳೆಯುವ ಪೋಷಕ ದ್ರವ) ಬಳಸಿದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಬೇಡ. ಕಪ್ಪೆಯ ಮೈಯ ದ್ರವದಲ್ಲಿ ಉಪ್ಪಿನಂಶ ನಮಗಿಂತ ಕಡಿಮೆ. ಅದಕ್ಕೇ ಎಲ್-15ಕ್ಕೆ ನೀರು ಬೆರೆಸಿ ಸುಮಾರು ಅರ್ಧಕ್ಕೆ ತೆಳು ಮಾಡಿ, ಸೀರಮ್ (ರಕ್ತದ ತಿಳಿ) ಸೇರಿಸುತ್ತಿದ್ದೆ. ಚಳಿಗಾಲದಲ್ಲಿ ಫ್ಲಾಸ್ಕ್‌ಗಳನ್ನು ಮೇಜಿನ ಮೇಲೇ ಇಟ್ಟರೂ ಚೆನ್ನಾಗಿ ಬೆಳೆದವು.

ನಾನು ನೋಡಬೇಕಿದ್ದದ್ದು ಹೀಟ್ ಶಾಕ್ ಪ್ರೋಟೀನ್ (ಎಚ್‌ಎಸ್‌ಪಿ) ಮಾಡಿಸುವ ಎಚ್‌ಎಸ್‌ಪಿ70 ಮತ್ತು ಎಚ್‌ಎಸ್‌ಪಿ30 ಜೀನ್‌ಗಳನ್ನು. ಬಿಸಿ ಜಾಸ್ತಿಯಾದರೆ ಕೋಶದೊಳಗಿನ ಪ್ರೋಟೀನ್‌ಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದವು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಹಾಗಾಗದಂತೆ ಹಿಡಿದುಕೊಳ್ಳುವುದು ಹೀಟ್ ಶಾಕ್ ಪ್ರೋಟೀನ್‌ಗಳ ಕೆಲಸ. ಎಚ್‌ಎಸ್‌ಎಫ್1 ಅನ್ನುವ ಇನ್ನೊಂದು ಪ್ರೋಟೀನ್ ಬಿಸಿ ತಾಗಿದಾಗ ಮೂರು ಮೂರಾಗಿ ಜೊತೆ ಸೇರಿ, ಈ ಜೀನ್‌ಗಳ ಮುಂದೆ ಕೂತು ಅವನ್ನು ಎಬ್ಬಿಸುತ್ತದೆ.

ಕೆಲಸ ಹೀಗೆ. ಫ್ಲಾಸ್ಕ್‌ನ ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, 33 ಡಿಗ್ರಿಯ ವಾಟರ್ ಬಾತ್‌ನಲ್ಲಿ 2 ಗಂಟೆ ಮುಳುಗಿಸುವುದು. ಆರ್‌ಎನ್‌ಎ (ಎದ್ದ ಜೀನಿನ ನಕಲು) ಬೇಕಿದ್ದರೆ ತಕ್ಷಣ ತೆಗೆಯುವುದು. ಪ್ರೋಟೀನ್ ಬೇಕಿದ್ದರೆ 22 ಡಿಗ್ರಿಗೆ ವಾಪಸ್ ಇಟ್ಟು ಇನ್ನೆರಡು ಗಂಟೆ ಕಾಯುವುದು. ಜೀನ್ ಎದ್ದಿದ್ದರೆ ಜೆಲ್‌ನಲ್ಲಿ ಒಂದು ಗೆರೆ, ಅಂದರೆ ಬ್ಯಾಂಡ್, ಕಾಣುತ್ತದೆ. ಫೆಬ್ರವರಿವರೆಗೆ ಜೆಲ್ ನೋಡೋದೇ ಒಂದು ಖುಷಿ. ಬಿಸಿ ಕೊಟ್ಟದ್ದರಲ್ಲಿ ದಪ್ಪ ಬ್ಯಾಂಡ್, ಹೋಲಿಕೆಗೆ ಬಿಸಿ ಕೊಡದೆ ಇಟ್ಟ ಕಂಟ್ರೋಲ್‌ನಲ್ಲಿ ಖಾಲಿ.

ಏಪ್ರಿಲ್‌ನಲ್ಲಿ ಕಂಟ್ರೋಲ್‌ನಲ್ಲೂ ಬ್ಯಾಂಡ್ ಬಂತು.

ಮೊದಲು ಡಿಎನ್‌ಎ ಮೇಲೆ ಅನುಮಾನ ಪಟ್ಟೆ. ಕ್ಸೆನೋಪಸ್‌ನ ಈ ಎರಡೂ ಜೀನ್‌ಗಳಲ್ಲಿ ಇಂಟ್ರಾನ್ (ಆರ್‌ಎನ್‌ಎ ಸಿದ್ಧವಾಗುವಾಗ ಕತ್ತರಿಸಿ ಹೋಗುವ ತುಂಡು) ಇಲ್ಲ. ಹಾಗಾಗಿ ಆರ್‌ಎನ್‌ಎ ಜೊತೆ ಚೂರು ಡಿಎನ್‌ಎ ಉಳಿದರೂ ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಅದೇ ಅಳತೆಯ ಬ್ಯಾಂಡ್ ಬರುತ್ತದೆ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಹಾಕಿ ಮತ್ತೆ ಮಾಡಿದೆ. ಪಿಸಿಆರ್‌ಗೆ ಮುಂಚೆ ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬನ್ನೂ ಪಕ್ಕದಲ್ಲಿ ಓಡಿಸಿದೆ. ಅದು ಖಾಲಿ. ಅಂದರೆ ಕಂಟ್ರೋಲ್‌ನ ಬ್ಯಾಂಡ್ ನಿಜವಾದ ಆರ್‌ಎನ್‌ಎಯದೇ.

ಮೂರು ವಾರ ಪ್ರೈಮರ್ (ಪಿಸಿಆರ್ ಶುರು ಮಾಡುವ ಚಿಕ್ಕ ಡಿಎನ್‌ಎ ತುಂಡು) ಬದಲಾಯಿಸಿದೆ, ಸೀರಮ್ ಬದಲಾಯಿಸಿದೆ. ಕೊನೆಗೆ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಮೇಜಿನ ಮೇಲೆ ಕೈ ಇಟ್ಟೆ. ಮೇಜು ಬೆಚ್ಚಗಿತ್ತು. ನಮ್ಮದು ಮೇಲಿನ ಮಹಡಿ, ಪಶ್ಚಿಮಕ್ಕೆ ಕಿಟಕಿ. ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್ ತಂದು ಫ್ಲಾಸ್ಕ್ ಪಕ್ಕ ಇಟ್ಟೆ. ಮರುದಿನ ಸಂಜೆ ನೋಡಿದರೆ ಗರಿಷ್ಠ 32! ನಾನು ಕಂಟ್ರೋಲ್ ಅಂದುಕೊಂಡಿದ್ದ ಕೋಶಗಳು ದಿನಾ ಮಧ್ಯಾಹ್ನ ಹೀಟ್ ಶಾಕ್ ತಿನ್ನುತ್ತಿದ್ದವು. ನಮಗೆ ಹಿತವಾದ ಬಿಸಿಯೇ ಅವಕ್ಕೆ ಜ್ವರ.

ಹೀಟ್ ಶಾಕ್ ಅನ್ನುವ ಈ ವಿಷಯ ಹುಟ್ಟಿದ್ದೂ ಹೀಗೇ ಅಲ್ವಾ? ಹಣ್ಣುನೊಣದ ಇನ್‌ಕ್ಯುಬೇಟರಿನ ಬಿಸಿಯನ್ನು ಯಾರೋ ಗೊತ್ತಿಲ್ಲದೆ ಏರಿಸಿದ್ದರು. ಅದರ ಕ್ರೋಮೋಸೋಮ್‌ಗಳಲ್ಲಿ ಹೊಸ ಉಬ್ಬುಗಳು ಕಂಡವು. ಇಟಲಿಯ ವಿಜ್ಞಾನಿ ಫೆರುಚಿಯೊ ರಿಟೊಸ್ಸಾ ಅದನ್ನು ಸುಮ್ನೆ ಬಿಡದೆ 1962ರಲ್ಲಿ ಬರೆದು ಪ್ರಕಟಿಸಿದರು. ಅದನ್ನು ನೆನೆದೇ ನನ್ನ ಏಪ್ರಿಲ್‌ನ ಜೆಲ್‌ಗಳನ್ನು ಎಸೆಯಲಿಲ್ಲ, ದಿನಾಂಕ ಹಾಕಿ ಇಟ್ಟುಕೊಂಡೆ.

ಆಮೇಲೆ ಇದೇ ಕಪ್ಪೆಯ ಭ್ರೂಣದ ಕೆಲಸಕ್ಕೆ ಬೇರೆ ಊರಿನ ಲ್ಯಾಬಿಗೆ ಹೋದೆ. ಅಲ್ಲಿ ನನಗೆ ತುಂಬಾ ಇಷ್ಟವಾದದ್ದು ಭ್ರೂಣದ ಮೌನ. ಮೊದಲ ಹನ್ನೆರಡು ಸಲ ಒಡೆದು ಸುಮಾರು 4,000 ಕೋಶ ಆಗುವವರೆಗೆ ಎಷ್ಟು ಬಿಸಿ ಕೊಟ್ಟರೂ ಎಚ್‌ಎಸ್‌ಪಿ70 ಏಳುವುದಿಲ್ಲ. ಆ ಹೊತ್ತಿನವರೆಗೆ ಭ್ರೂಣ ತಾಯಿ ಮೊಟ್ಟೆಯಲ್ಲಿಟ್ಟ ಆರ್‌ಎನ್‌ಎ ಮೇಲೇ ಬದುಕುತ್ತಿರುತ್ತದೆ. ಎಚ್‌ಎಸ್‌ಪಿ30 ಇನ್ನೂ ತಡ. ಬಾಲದ ಮೊಗ್ಗು ಮೂಡಿದ ಮೇಲೆಯೇ ಅದು ಬಿಸಿಗೆ ಓಗೊಡುತ್ತದೆ.

ಈಗ ಕಂಟ್ರೋಲ್ ಫ್ಲಾಸ್ಕ್‌ಗಳಿರುವುದು ತಂಪು ಮಾಡುವ ಇನ್‌ಕ್ಯುಬೇಟರಿನಲ್ಲಿ, ಅದಕ್ಕೆ ಇನ್ವರ್ಟರ್ ಇದೆ. ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಥರ್ಮಾಮೀಟರಿನ ಗರಿಷ್ಠ ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಜೆಲ್ ಫೋಟೊ ಪಕ್ಕದಲ್ಲೇ ಬರೆಯುತ್ತೇನೆ. 26 ದಾಟಿದ ದಿನದ ಕೋಶಗಳನ್ನು ಪ್ರಯೋಗಕ್ಕೆ ತೆಗೆದುಕೊಳ್ಳುವುದಿಲ್ಲ.