ಹಿತ್ತಲಿನ ಪೆಟ್ಟಿಗೆ, ಹೊಲದ ಪೆಟ್ಟಿಗೆ

ಊರಿನ ಗಾಳಿ ಹೊಲದ ಗಾಳಿಗಿಂತ ಎಷ್ಟು ಬಿಸಿ ಎಂದು ಅಳೆಯಲು ಹೊರಟ ಮೊದಲ ಬೇಸಿಗೆ ನಾನು ಮಾಡಿದ್ದು ಶುದ್ಧ ಪೆದ್ದುತನ. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ನಮ್ಮ ಮನೆಯ ಮಾಳಿಗೆ ಗೋಡೆಗೆ ಮೊಳೆ ಹೊಡೆದು ಉಷ್ಣಮಾಪಕ ತೂಗುಹಾಕಿದೆ. ಅದು ಹೇಳುತ್ತಿದ್ದುದು ಗಾಳಿಯ ಬಿಸಿಯನ್ನಲ್ಲ, ಗೋಡೆಯ ಬಿಸಿಯನ್ನು. ಆ ಹಾಳೆಗಳನ್ನೆಲ್ಲ ಹರಿದೆ.

ಬಳಿಕ ಬಡಿಗೇರನಿಂದ ಬಿಳಿ ಬಣ್ಣದ, ಪಟ್ಟಿಪಟ್ಟಿಯ ಪೆಟ್ಟಿಗೆ ಎರಡು ಮಾಡಿಸಿದೆ. ಗಾಳಿ ಆಡಬೇಕು, ಬಿಸಿಲು ಬೀಳಬಾರದು, ಬಾಗಿಲು ಉತ್ತರಕ್ಕಿರಬೇಕು. "ಪಾರಿವಾಳ ಸಾಕುತ್ತೀರೇನು ಸರ್?" ಎಂದ. ಒಳಗೆ ಯು ಆಕಾರದ ಕೊಳವೆಯ ಉಷ್ಣಮಾಪಕ. ಪಾದರಸ ತಳ್ಳಿದ ಉಕ್ಕಿನ ಕಡ್ಡಿ ಗರಿಷ್ಠ, ಕನಿಷ್ಠದಲ್ಲಿ ನಿಂತಿರುತ್ತದೆ. ಓದಿಕೊಂಡು ಅಯಸ್ಕಾಂತದಿಂದ ಎಳೆದು ಇಳಿಸಬೇಕು.

ಒಂದು ಪೆಟ್ಟಿಗೆ ಹಿತ್ತಲಿಗೆ. ಇನ್ನೊಂದನ್ನು ಧಾರವಾಡದಲ್ಲಿಡುವ ಆಸೆಯಿತ್ತು, ಬಿಟ್ಟೆ. ಧಾರವಾಡ ನಮಗಿಂತ ಸುಮಾರು 100 ಮೀಟರ್ ಎತ್ತರ, ಕಿಲೋಮೀಟರ್ ಎತ್ತರಕ್ಕೆ 6.5 ಡಿಗ್ರಿ ಇಳಿಯುವ ಲೆಕ್ಕದಲ್ಲಿ ಅರ್ಧ ಡಿಗ್ರಿಗೂ ಮಿಕ್ಕಿ ತಂಪು ಬರೀ ಎತ್ತರದ್ದೇ. ಹಾಗಾಗಿ ಕುಂದಗೋಳದ ಕಡೆ ಅಣ್ಣನ ಎರೆಹೊಲದಲ್ಲಿಟ್ಟೆ.

ಮಧ್ಯಾಹ್ನ ಎರಡೂ ಹೆಚ್ಚುಕಡಿಮೆ ಒಂದೇ. ಕಡಲೆ ಕಿತ್ತು ಬೋಳಾದ ಹೊಲವೇ ಕೆಲವು ದಿನ ಹೆಚ್ಚು ಕಾಯುತ್ತಿತ್ತು. ಗುಟ್ಟು ಇದ್ದದ್ದು ನಸುಕಿನಲ್ಲಿ. ಹೊಲ ರಾತ್ರಿಯಿಡೀ ತನ್ನ ಕಾವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಂಡು ತಣಿಯುತ್ತದೆ. ನಮ್ಮ ಓಣಿಯಲ್ಲಿ ಒಂದು ಗೋಡೆ ಬಿಟ್ಟ ಕಾವನ್ನು ಎದುರಿನ ಗೋಡೆ ಹಿಡಿಯುತ್ತದೆ, ಆಕಾಶ ಕಾಣುವುದೇ ಒಂದು ಪಟ್ಟಿಯಷ್ಟು. ಮಾರ್ಚಿನ ನಿರಭ್ರ ರಾತ್ರಿಗಳಲ್ಲಿ ಹಿತ್ತಲಿನ ಕನಿಷ್ಠ ಹೊಲಕ್ಕಿಂತ ಎರಡು ಡಿಗ್ರಿ ಮೇಲೆಯೇ ಇರುತ್ತಿತ್ತು. ಜುಲೈನ ಮೋಡ, ಗಾಳಿಗೆ ಆ ಅಂತರ ಕರಗಿತು. ದಿನದ ಸರಾಸರಿ ಎಂದರೆ ಗರಿಷ್ಠ–ಕನಿಷ್ಠ ಕೂಡಿಸಿ ಎರಡರಿಂದ ಭಾಗಿಸಿದ್ದು. ರಾತ್ರಿಯ ಎರಡು ಡಿಗ್ರಿ ಅಲ್ಲಿ ಒಂದಾಗಿ ನುಸುಳುತ್ತದೆ.

"ಹಾಗಾದರೆ ಭೂಮಿ ಬಿಸಿಯಾಗುತ್ತಿದೆ ಎನ್ನುವುದೆಲ್ಲ ಸಿಮೆಂಟಿನ ಲೆಕ್ಕವೇ?" ಎಂದು ನೆರೆಯವರು ಕೇಳಿದರು. ಸಮುದ್ರದ ಮೇಲೆ ಯಾವ ಓಣಿಯಿದೆ? ಅದೂ ಕಾಯುತ್ತಿದೆ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯ 2013ರ ವರದಿಯ ಪ್ರಕಾರ, ಶತಮಾನದಲ್ಲಿ ನೆಲ ಬಿಸಿಯಾದುದರಲ್ಲಿ ನಗರಗಳ ಪಾಲು ಶೇ 10ನ್ನು ಮೀರಿರುವ ಸಂಭವ ಕಡಿಮೆ. ವೇಗವಾಗಿ ಬೆಳೆಯುವ ಪ್ರದೇಶಗಳ ದಾಖಲೆಯಲ್ಲಿ ಅದು ಹೆಚ್ಚಿರಬಹುದು ಎಂದೂ ಅದೇ ವರದಿ ಹೇಳುತ್ತದೆ. ಮಾಪಕ ಇರುವ ಜಾಗ ಮೊದಲಿನಿಂದಲೂ ಸುತ್ತಲಿಗಿಂತ ಒಂದೇ ಪ್ರಮಾಣದಲ್ಲಿ ಹೆಚ್ಚು ಬಿಸಿಯಿದ್ದರೆ ಏರಿಕೆಯ ಲೆಕ್ಕ ಕೆಡುವುದಿಲ್ಲ; ಬಯಲಲ್ಲಿದ್ದ ಮಾಪಕದ ಸುತ್ತ ಊರು ಬೆಳೆದರೆ ಕೆಡುತ್ತದೆ.

ನನಗೂ ಅದೇ ಆಯಿತು. ಕಳೆದ ದೀಪಾವಳಿಗೆ ಮಗ ಹಿತ್ತಲಿಗೆ ಕಾಂಕ್ರೀಟ್ ಹಾಸಿಸಿದ. ಕನಿಷ್ಠದ ಗೆರೆ ಮೆಟ್ಟಿಲು ಹತ್ತಿದಂತೆ ಮೇಲೇರಿತು. ಹೊಲದ ಗೆರೆ ಅಲುಗಲಿಲ್ಲ. ಆ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಪೆಟ್ಟಿಗೆಯನ್ನು ಪಕ್ಕದ ತೋಟಕ್ಕೆ ಒಯ್ಯಬೇಕು, ಆದರೆ ಅದಕ್ಕೂ ಮೊದಲು ಹಳೆಯದೂ ಹೊಸದೂ ಒಂದು ವರ್ಷ ಜೊತೆಯಾಗಿ ಓಡಬೇಕು. ಮೂರನೆಯ ಪೆಟ್ಟಿಗೆಗೆ ಹೇಳಿ ಬಂದಿದ್ದೇನೆ.