ಒಂದು ಕೀ ಒತ್ತಿದರೆ ಎರಡು ಅಕ್ಷರ: ಕೀಬೋರ್ಡ್ ದೋಷವನ್ನು ಮೀಟರಿನಿಂದಲೇ ಹುಡುಕಿದ ನನ್ನ ಅನುಭವ

ತಪ್ಪು ಅಕ್ಷರ ಮೂಡಿಸುವ ಲ್ಯಾಪ್‌ಟಾಪ್ ಅಂಗಡಿಗೆ ಬಂದರೆ ಕೀಬೋರ್ಡ್ ಬದಲಿಸಿ ಕಳುಹಿಸುವುದು ನಮ್ಮ ಕಸುಬಿನ ರೂಢಿ. ಹೊಸ ಕೀಬೋರ್ಡ್ ಹಾಕಿದ ಮೇಲೂ ಅದೇ ತಪ್ಪು ಉಳಿದರೆ ಕೆಬಿಸಿ ಚಿಪ್ (ಕೀಬೋರ್ಡನ್ನು ಓದುವ, ಬೋರ್ಡ್ ಮೇಲಿನ ಚಿಪ್) ಹೋಗಿದೆ ಎಂದು ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ಸರ್ಕ್ಯೂಟ್ ನಕ್ಷೆಯಾದ ಸ್ಕೀಮ್ಯಾಟಿಕ್ ಇಲ್ಲದೆ, ಬೋರ್ಡ್ ಮೇಲಿನ ಭಾಗಗಳ ಜಾಗ ತೋರಿಸುವ ಬೋರ್ಡ್‌ವ್ಯೂ ಇಲ್ಲದೆ, ಪರದೆಯ ಮೇಲೆ ಮೂಡುವ ತಪ್ಪು ಅಕ್ಷರಗಳನ್ನೇ ಓದಿಕೊಂಡು ದೋಷದ ಜಾಗವನ್ನು ಗುರುತಿಸಬಹುದು ಎಂದು ನಾನು ಹೇಳಿದಾಗ ಶಿವಮೊಗ್ಗದ ಗೆಳೆಯರು ಒಪ್ಪಿರಲಿಲ್ಲ. ಹಾಗೆ ದೋಷ ಹುಡುಕಿ ಸರಿಪಡಿಸಿದ ಲ್ಯಾಪ್‌ಟಾಪ್ ಈಗ ನಮ್ಮ ಸಾಗರದ ಒಂದು ಪೂರ್ತಿ ಮಳೆಗಾಲವನ್ನು ದಾಟಿದೆ, ದೂರು ಮರಳಿ ಬಂದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಯಂತ್ರ ಒಬ್ಬ ಪತ್ರ ಬರಹಗಾರರದು. ದಿನವಿಡೀ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕ್ರಯಪತ್ರ, ದಾನಪತ್ರ ಬೆರಳಚ್ಚಿಸುವವರು. ‘ರ’ ಒತ್ತಿದರೆ ‘ರು’ ಬರುತ್ತಿತ್ತು, ‘ಗ’ ಒತ್ತಿದರೆ ಪಕ್ಕದಲ್ಲಿ ‘ಹ’ ಸೇರುತ್ತಿತ್ತು, ಒತ್ತಕ್ಷರ ಕೂಡಿಸಲು ಎಫ್ ಒತ್ತಿದರೆ ಜೊತೆಗೆ ಒಂದು ‘ಜ’ ನುಗ್ಗುತ್ತಿತ್ತು. ಕನ್ನಡದಲ್ಲಿ ಕಂಡ ತಪ್ಪಾದ್ದರಿಂದ ಅವರು ಮೊದಲು ನುಡಿಯನ್ನೇ ಅನುಮಾನಿಸಿ ಅದನ್ನು ತೆಗೆದು ಮತ್ತೆ ಹಾಕಿಸಿದ್ದರು, ಬಳಿಕ ವಿಂಡೋಸ್ ಅನ್ನೂ ಹೊಸದಾಗಿ ಹಾಕಿಸಿದ್ದರು. ಆ ಸಂದೇಹ ಅಸಹಜವೇನಲ್ಲ. ನುಡಿ ಕನ್ನಡದಲ್ಲಿದ್ದು ಫಾಂಟ್ ಇಂಗ್ಲಿಷಿನದಾಗಿದ್ದರೆ ತಲೆಯ ಮೇಲೆ ಗೆರೆ ಇರುವ ವಿಚಿತ್ರ ಲ್ಯಾಟಿನ್ ಅಕ್ಷರಗಳು ಬರುತ್ತವೆ. ಲೇಔಟ್ ಬ್ರಿಟನ್ನಿನದಕ್ಕೆ ಹೊರಳಿದ್ದರೆ ಶಿಫ್ಟ್ ಹಿಡಿದು 2 ಒತ್ತಿದಾಗ ಇಮೇಲ್ ಚಿಹ್ನೆಯ ಬದಲು ಉದ್ಧರಣ ಚಿಹ್ನೆ ಮೂಡುತ್ತದೆ. ಸಣ್ಣ ಯಂತ್ರಗಳಲ್ಲಿ ನಮ್ ಲಾಕ್ ಉಳಿದಿದ್ದರೆ ಯು, ಐ, ಓ ಕೀಗಳು 4, 5, 6 ಆಗುತ್ತವೆ. ಇವೆಲ್ಲ ನಿಮಗೆ ಗೊತ್ತಿರುವುದೇ. ಆದರೆ ವಿಂಡೋಸ್ ಶುರುವಾಗುವ ಮೊದಲೇ ಬರುವ ಬಯಾಸ್ ಪಾಸ್‌ವರ್ಡ್ ಜಾಗದಲ್ಲಿ ಒಂದು ಕೀ ಒತ್ತಿದಾಗ ಎರಡು ಚುಕ್ಕಿ ಬಿದ್ದಿದ್ದನ್ನು ನೋಡಿದ ಕೂಡಲೇ ಸಾಫ್ಟ್‌ವೇರ್ ಮಾತನ್ನು ಬದಿಗಿಟ್ಟೆ.

ನನ್ನ ಬಳಿ ಬರುವಷ್ಟರಲ್ಲಿ ಅವರು ಸಾಕಷ್ಟು ಹಣ ಕಳೆದುಕೊಂಡಿದ್ದರು. ಒಂದು ಕಡೆ ಕೀಬೋರ್ಡ್ ಬದಲಿಸಿ ಸುಮಾರು 1,800 ರೂಪಾಯಿ ಪಡೆದಿದ್ದರು. ಅದು ಪಾಮ್‌ರೆಸ್ಟ್‌ಗೆ ಪ್ಲಾಸ್ಟಿಕ್ ರಿವೆಟ್ ಹೊಡೆದ ಮಾದರಿಯಾದ್ದರಿಂದ ಬಿಚ್ಚುವಾಗ ರಿವೆಟ್‌ಗಳೆಲ್ಲ ಹೋಗಿ, ಅಂಟು ಹಾಕಿ ಕೂಡಿಸಿದ್ದರು. ತಪ್ಪು ಹಾಗೇ ಉಳಿಯಿತು. ಇನ್ನೊಂದು ಕಡೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮತ್ತೊಂದು ಕೀಬೋರ್ಡ್ ತರಿಸಿ ಹಾಕಿ ನೋಡಿ, ಕೀಬೋರ್ಡ್‌ನ ಚಪ್ಪಟೆ ರಿಬ್ಬನ್ ತಂತಿ ಬೋರ್ಡ್‌ಗೆ ಸೇರುವ ಕನೆಕ್ಟರನ್ನು ಐಪಿಎ ಎಂಬ ಬೇಗ ಆರುವ ಆಲ್ಕೋಹಾಲ್‌ನಿಂದ ತೊಳೆದು, ಕೊನೆಗೆ ಕೆಬಿಸಿ ಬದಲಿಸಿ ಪ್ರೋಗ್ರಾಂ ಮಾಡಲು ನಾಲ್ಕು ಸಾವಿರದ ಹತ್ತಿರ ಕೇಳಿದ್ದರು. ‘ಮಾರಾಯ, ಎರಡು ಕೀಬೋರ್ಡ್‌ನಲ್ಲೂ ಅದೇ ಬಂದರೆ ಚಿಪ್ಪೇ ಹೋಗಿದೆ, ಮತ್ತೆ ಹುಡುಕುವುದೇನಿದೆ?’ ಎಂದು ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದರು. ಎರಡು ಕೀಬೋರ್ಡ್‌ನಲ್ಲೂ ಅದೇ ತಪ್ಪು ಬಂದರೆ ದೋಷ ಬೋರ್ಡ್‌ನಲ್ಲಿದೆ (ಮದರ್‌ಬೋರ್ಡ್) ಎಂಬುದಷ್ಟೇ ಸಿದ್ಧವಾಗುತ್ತದೆ. ಬೋರ್ಡ್ ಎಂದರೆ ಚಿಪ್ ಒಂದೇ ಅಲ್ಲ ಎಂಬುದು ನನ್ನ ವಾದವಾಗಿತ್ತು.

ಕೀ ಪರೀಕ್ಷಿಸುವ ತಂತ್ರಾಂಶದಲ್ಲಿ ಪ್ರತಿಯೊಂದು ಕೀಯನ್ನೂ ಒತ್ತಿ ಯಾವುದರ ಜೊತೆ ಯಾವುದು ಹೊಳೆಯುತ್ತದೆ ಎಂದು ಹಾಳೆಯಲ್ಲಿ ಬರೆದುಕೊಂಡೆ. ಆರ್–ಯು, ಎಫ್–ಜೆ, ವಿ–ಎಂ, ಟಿ–ವೈ, ಜಿ–ಎಚ್, ಬಿ–ಎನ್, 4–7, 5–6. ಉಳಿದ ಕೀಗಳೆಲ್ಲ ಸರಿಯಾಗಿದ್ದವು. ಇಷ್ಟು ಬರೆದ ಮೇಲೆ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಲ್ಯಾಪ್‌ಟಾಪ್ ಕೀಬೋರ್ಡ್‌ನಲ್ಲಿ ಸಾಮಾನ್ಯವಾಗಿ 16 ಸ್ಕ್ಯಾನ್ ಗೆರೆ, 8 ಸೆನ್ಸ್ ಗೆರೆ ಇರುತ್ತವೆ, ಕೆಲವದರಲ್ಲಿ ಸ್ಕ್ಯಾನ್ ಗೆರೆ ಒಂದೆರಡು ಹೆಚ್ಚು. ಚಿಪ್ ಸ್ಕ್ಯಾನ್ ಗೆರೆಗಳಿಗೆ ಸರದಿಯಂತೆ ಸಂಕೇತ ಕೊಟ್ಟು ಸೆನ್ಸ್ ಗೆರೆಗಳಲ್ಲಿ ಓದುತ್ತದೆ, ಒತ್ತಿದ ಕೀ ಒಂದು ಸ್ಕ್ಯಾನ್ ಗೆರೆಯನ್ನು ಒಂದು ಸೆನ್ಸ್ ಗೆರೆಗೆ ಕೂಡಿಸುತ್ತದೆ. ಎರಡು ಸ್ಕ್ಯಾನ್ ಗೆರೆಗಳು ಪರಸ್ಪರ ತಗುಲಿಕೊಂಡರೆ ಒಂದೊಂದು ಸೆನ್ಸ್ ಗೆರೆಗೆ ಒಂದರಂತೆ ಹೆಚ್ಚೆಂದರೆ ಎಂಟು ಜೋಡಿ ಮೂಡಬಹುದು. ಎರಡು ಸೆನ್ಸ್ ಗೆರೆಗಳು ತಗುಲಿಕೊಂಡರೆ ಜೋಡಿಗಳು ಕೀಬೋರ್ಡ್‌ನ ಉದ್ದಕ್ಕೂ ಹರಡಿ ಹದಿನಾರರವರೆಗೆ ಹೋಗಬಹುದು. ನನ್ನ ಹಾಳೆಯಲ್ಲಿ ಇದ್ದದ್ದು ಎಂಟೇ, ಅವೂ ನಡುಭಾಗದಲ್ಲಿ ಮಾತ್ರ, ಅಂದರೆ ತಗುಲಿಕೊಂಡಿದ್ದು ಎರಡು ಸ್ಕ್ಯಾನ್ ಗೆರೆಗಳು. ಕೆಬಿಸಿ ಒಳಗೇ ಕೆಟ್ಟಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕೆಡುವುದನ್ನು ನಾನು ಕಂಡಿಲ್ಲ. ಒಂದು ಗೆರೆ ಪೂರ್ತಿ ಸಾಯುತ್ತದೆ, ಇಲ್ಲವೇ ಯಾರೂ ಒತ್ತದೆ ಅಕ್ಷರಗಳು ಸುರಿಯುತ್ತವೆ.

ಮುಂದಿನ ಹೆಜ್ಜೆಗೆ ಒಂದು ಸರಿಯಾದ ಕೀಬೋರ್ಡ್ ಬೇಕು, ಅದು ಈಗಾಗಲೇ ಅವರ ಹಣದಲ್ಲಿಯೇ ಬಂದಿತ್ತು. ಅದನ್ನು ಬೋರ್ಡ್‌ನಿಂದ ಬಿಡಿಸಿ, ಆರ್ ಕೀಯನ್ನು ಒತ್ತಿಹಿಡಿದು ರಿಬ್ಬನ್ನಿನ ಯಾವ ಎರಡು ಪಿನ್‌ಗಳ ನಡುವೆ ಓಮ್ (ವಿದ್ಯುತ್ ತಡೆ) ಇಳಿಯುತ್ತದೆ ಎಂದು ಹುಡುಕಬೇಕು. ಬಝರ್ ಕೂಗಲಿ ಎಂದು ಕಾಯಬೇಡಿ. ಕೀಗಳ ಕೆಳಗಿನ ಪ್ಲಾಸ್ಟಿಕ್ ಹಾಳೆಯಾದ ಮೆಂಬ್ರೇನ್‌ನಲ್ಲಿ ಒತ್ತಿದ ಕೀ ನೂರರ ಆಸುಪಾಸು ಓಮ್ ತೋರಿಸುವುದೂ ಉಂಟು, ಹಲವು ಮೀಟರ್‌ಗಳ ಬಝರ್ ಅಷ್ಟಕ್ಕೆ ಕೂಗುವುದಿಲ್ಲ. ಆಮೇಲೆ ಜೋಡಿಯ ಇನ್ನೊಂದು ಕೀಯಾದ ಯು ಒತ್ತಿ ಹಾಗೆಯೇ ನೋಡಬೇಕು. ಒಂದು ಪಿನ್ ಎರಡಕ್ಕೂ ಸಮಾನವಾಗಿರುತ್ತದೆ. ಸಮಾನವಲ್ಲದ ಎರಡು ಪಿನ್‌ಗಳೇ ಬೋರ್ಡ್‌ನಲ್ಲಿ ತಗುಲಿಕೊಂಡಿರುವ ಗೆರೆಗಳು. ಎಂಟರಲ್ಲಿ ಯಾವುದಾದರೂ ಒಂದು ಜೋಡಿಯಿಂದಲೇ ಇದು ಗೊತ್ತಾಗುತ್ತದೆ, ಖಾತ್ರಿಗೆ ಮಾತ್ರ ಎಫ್–ಜೆ ಜೋಡಿಯನ್ನೂ ನೋಡಿದೆ. ದೋಷವಿರುವ ಕೀಬೋರ್ಡ್‌ನಲ್ಲಿಯೇ ಈ ಅಳತೆ ಮಾಡಿದರೆ ಮೀಟರ್ ಎರಡೆರಡು ಉತ್ತರ ಕೊಡುತ್ತದೆ.

ಆ ಎರಡು ಪಿನ್‌ಗಳು ಕನೆಕ್ಟರಿನಲ್ಲಿ ಅಕ್ಕಪಕ್ಕದಲ್ಲಿರಲಿಲ್ಲ. ಕನೆಕ್ಟರನ್ನು ಎಷ್ಟು ತೊಳೆದರೂ ಪ್ರಯೋಜನವಾಗದಿದ್ದುದಕ್ಕೆ ಇದೇ ಕಾರಣ. ಬ್ಯಾಟರಿ ತೆಗೆದು ಬೋರ್ಡ್‌ನ ಕಡೆ ಅಳೆದಾಗ ಬೇರೆ ಗೆರೆಗಳ ನಡುವೆ ಮೆಗಾ ಓಮ್ ಲೆಕ್ಕ ಬರುತ್ತಿದ್ದರೆ, ಈ ಎರಡರ ನಡುವೆ ಎರಡು ಮೂರು ಕಿಲೋ ಓಮ್ ಮಾತ್ರ ಬಂತು. ಗೆರೆಗಳನ್ನು ಹಿಂಬಾಲಿಸಿಕೊಂಡು ಹೋದಾಗ ಕನೆಕ್ಟರಿನ ಹಿಂದಿರುವ ಸಣ್ಣ ಕೆಪಾಸಿಟರ್ ಸಾಲು ಸಿಕ್ಕಿತು. ನಾಲ್ಕು ಕೆಪಾಸಿಟರ್‌ಗಳನ್ನು ಒಂದೇ ದೇಹದಲ್ಲಿ ಕೂಡಿಸಿದ ಎಂಟು ಕಾಲಿನ ತುಣುಕು ಅದು, ಈ ಜಾಗದಲ್ಲಿ ಸಾಮಾನ್ಯವಾಗಿ 100 ಪಿಕೋಫ್ಯಾರಡ್‌ನವು ಇರುತ್ತವೆ. ಅಲ್ಲಿ ನಮ್ಮ ಎರಡು ಗೆರೆಗಳು ಒಂದಕ್ಕೊಂದು ಪಕ್ಕದ ಕಾಲುಗಳಲ್ಲಿ ಬಂದು ಕೂತಿದ್ದವು. ಮೇಲಿನಿಂದ ನೋಡಿದರೆ ಸ್ವಚ್ಛವಾಗಿತ್ತು. ಕನೆಕ್ಟರಿಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಸುತ್ತಿ, 350 ಡಿಗ್ರಿಯ ಹತ್ತಿರ ಬಿಸಿಗಾಳಿ ಕೊಟ್ಟು ತುಣುಕನ್ನು ಎತ್ತಿದಾಗ ಅದರ ಅಡಿಯಲ್ಲಿ ಹಸಿರುಗಟ್ಟಿದ ಪದರ ಕಂಡಿತು. ಎಂದೋ ಬಿದ್ದ ಚಹಾವೋ ಮಲೆನಾಡಿನ ತೇವವೋ ತಿಳಿಯದು, ಎರಡೂ ಸೇರಿರಬಹುದು. ಜಾಗವನ್ನು ತೊಳೆದು ಒಣಗಿಸಿ ಅಳೆದಾಗ ಓಮ್ ಮೇಲಕ್ಕೇರಿತು, ಕೀಬೋರ್ಡ್ ಹಾಕಿದಾಗ ‘ರ’ ಒತ್ತಿದರೆ ‘ರ’ ಮಾತ್ರ ಬಂತು.

ಕೆಪಾಸಿಟರನ್ನು ಮರಳಿ ಹಾಕಲಿಲ್ಲ. ಗೆಳೆಯರು ಹೆಚ್ಚು ತಕರಾರು ಮಾಡಿದ್ದು ಇದಕ್ಕೇ. ಅದಿಲ್ಲದಿದ್ದರೆ ಬೋರ್ಡ್ ಬೇಗ ಹೋಗುತ್ತದೆ, ಅಕ್ಷರ ತಾನಾಗಿ ಮೂಡುತ್ತದೆ ಎಂದರು. ಆ ಕೆಪಾಸಿಟರ್‌ಗಳ ಕೆಲಸ ಗೆರೆಯ ಮೇಲಿನ ನಾಯ್ಸ್ (ಬೇಡದ ವಿದ್ಯುತ್ ಏರಿಳಿತ) ತಗ್ಗಿಸುವುದು. ಕೀ ಓದಲು ಅವು ಬೇಕಾಗಿಲ್ಲ. ಚಾರ್ಜರ್ ಹಾಕಿ, ಪಕ್ಕದಲ್ಲಿಯೇ ಮೊಬೈಲ್ ರಿಂಗ್ ಮಾಡಿಸಿ, ರಾತ್ರಿಯಿಡೀ ಖಾಲಿ ಪುಟ ತೆರೆದಿಟ್ಟು ನೋಡಿದೆ. ಒಂದು ಅಕ್ಷರವೂ ಬೀಳಲಿಲ್ಲ. ನಾನು 900 ರೂಪಾಯಿ ಪಡೆದೆ. ನನ್ನ ಕಡೆಯಿಂದ ಖರ್ಚಾದದ್ದು ಸ್ವಲ್ಪ ಐಪಿಎ ಮತ್ತು ಟೇಪ್. ನಾಲ್ಕು ಸಾವಿರ ಕೇಳಿದ್ದ ಕೆಲಸ ಅದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಇದೇ ವಿಧಾನ ಹಿಡಿದು ಆಮೇಲೆ ಹಲವು ಯಂತ್ರಗಳನ್ನು ನೋಡಿದ್ದೇನೆ. ಬೋರ್ಡ್ ಸರಿಯಿದ್ದು ದೋಷ ಕೀಬೋರ್ಡ್‌ನದೇ ಆದಾಗ ಹೆಚ್ಚಿನವು ರಿಬ್ಬನ್ನಿನ ಬಾಲದಲ್ಲಿ ಸಿಗುತ್ತವೆ. ಗೆರೆಗಳ ನಡುವಿನ ಕೊಳೆಯಾದರೆ ತೊಳೆದು ಮುಗಿಸಬಹುದು. ಗೆರೆಯೇ ಸವೆದಿದ್ದರೆ ವಿದ್ಯುತ್ ಹರಿಸುವ ಸಿಲ್ವರ್ ಪೇಂಟ್ ಬೇಕು, ಅದು ನನಗೆ ಬಹಳ ದುಬಾರಿಯಾಯಿತು. ಪುಟ್ಟ ಸೀಸೆಗೆ ಸಾವಿರದ ಮೇಲೆ ಕೊಟ್ಟು ತರಿಸಿದ್ದು, ಒಣಗಿದಾಗ ಚೆನ್ನಾಗಿದ್ದು, ಬಾಲ ಮಡಚಿ ಕನೆಕ್ಟರಿಗೆ ಸೇರಿಸಿದ ಕೂಡಲೇ ಬಿರುಕು ಬಿಡುತ್ತಿತ್ತು. ಹೇರ್ ಡ್ರೈಯರ್‌ನಿಂದ ಒಣಗಿಸಿದಾಗ ಮೆಂಬ್ರೇನೇ ಸುರುಟಿಕೊಂಡಿತು. ಗ್ರಾಫೈಟ್ ಪುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚಿದಾಗ ರೆಸಿಸ್ಟೆನ್ಸ್ ಹತ್ತಾರು ಕಿಲೋ ಓಮ್‌ಗೆ ಏರಿ ಕೀ ಒಮ್ಮೆ ಹಿಡಿದು ಒಮ್ಮೆ ಬಿಡುತ್ತಿತ್ತು. ಈಗ ಮಡಿಕೆಯಲ್ಲಿ ಬಿರುಕು ಬಿಡದ ಹಾಗೆ ಪೇಂಟ್ ನಿಲ್ಲಿಸುವ ಒಂದು ಉಪಾಯ ಕೈಗೆ ಬಂದಿದೆ. ಅದರಿಂದ ನನ್ನ ಅಂಗಡಿಯ ಬಾಡಿಗೆಯ ಒಂದು ಪಾಲು ಹುಟ್ಟುತ್ತಿದೆ, ಆದ್ದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಪಿನ್ ಹುಡುಕುವ ಬೇಸರ ತಪ್ಪಿಸಲು ಪ್ರೋಗ್ರಾಂ ಮಾಡಬಹುದಾದ ಒಂದು ಆರ್ಡುಯಿನೋ ಮೆಗಾ ಬೋರ್ಡ್ ತಂದು, ಅದರ 54 ಡಿಜಿಟಲ್ ಪಿನ್‌ಗಳಲ್ಲಿ ಬೇಕಾದಷ್ಟನ್ನು ಪಿನ್‌ಗಳ ನಡುವೆ 1 ಮಿಲಿಮೀಟರ್ ಅಂತರವಿರುವ ರಿಬ್ಬನ್ ಸಾಕೆಟ್ಟಿಗೆ ಜೋಡಿಸಿದೆ. ಒಂದೊಂದು ಪಿನ್ನನ್ನು ಸರದಿಯಂತೆ ಸೊನ್ನೆ ವೋಲ್ಟಿಗೆ ಎಳೆದು ಉಳಿದವುಗಳನ್ನು ಪುಲ್‌ಅಪ್‌ನಲ್ಲಿಟ್ಟು (ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಟ್ಟು) ಓದುವ ಸಣ್ಣ ಪ್ರೋಗ್ರಾಂ ಬರೆದ ಮೇಲೆ, ಕೀ ಒತ್ತಿದ ಕ್ಷಣದಲ್ಲಿ ಎರಡು ಪಿನ್‌ಗಳ ಸಂಖ್ಯೆ ಪರದೆಗೆ ಬರುತ್ತದೆ. ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಕ್ಯಾಪ್ಸ್ ದೀಪದ ಮತ್ತು ಗ್ರೌಂಡ್ ಪಿನ್‌ಗಳನ್ನು ಮಾತ್ರ ಮೊದಲೇ ಗುರುತಿಸಿ ಬಿಡಬೇಕು. ಹಳೆಯ ಕೀಬೋರ್ಡ್‌ಗಳನ್ನು ಸಗಟಾಗಿ ಕೊಳ್ಳುವಾಗ ಇದು ಬಹಳ ಉಪಯೋಗಕ್ಕೆ ಬಂತು. ಈಚಿನ ಒಂದು ಗಂಟಿನಲ್ಲಿ ಮೂರರಲ್ಲೊಂದು ಭಾಗವನ್ನು ಲ್ಯಾಪ್‌ಟಾಪ್‌ಗೆ ಹಾಕದೆಯೇ ಪಕ್ಕಕ್ಕಿಟ್ಟು, ಉಳಿದವಕ್ಕೆ ಮಾತ್ರ ಹಣ ಕೊಟ್ಟೆ.