ತೊಟ್ಟು ನೋಡುವ ಕೆಲಸ

ಮಗಳ ಮನೆಗೆ ಹಾಸನಕ್ಕೆ ಹೋದಾಗ ಕಟ್ಟಿನಕೆರೆ ಮಾರುಕಟ್ಟೆಗೆ ಒಂದು ಸುತ್ತು ಹಾಕುತ್ತೇನೆ. ಸೇಬು ಕೊಳ್ಳುವಾಗ ಬಣ್ಣ ನೋಡುವುದಿಲ್ಲ. ಹಣ್ಣನ್ನು ತಿರುಗಿಸಿ ತೊಟ್ಟಿನ ಕುಳಿ ನೋಡುತ್ತೇನೆ, ಆಮೇಲೆ ಬುಡದಲ್ಲಿ ಒಣಗಿ ಉಳಿದಿರುವ ಹೂವಿನ ಕುಚ್ಚು. ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಹೊರದೇಶದಿಂದ ಬರುವ ಹಣ್ಣು ಗಿಡಗಳಲ್ಲಿ ಹುಳ, ರೋಗ ಹುಡುಕಿ ತಡೆಯುವ ಸಸ್ಯ ಕ್ವಾರಂಟೈನ್ ಕೆಲಸ ಮಾಡಿ ನಿವೃತ್ತನಾಗಿ ಮೂಡಿಗೆರೆ ಹತ್ತಿರದ ನಮ್ಮ ತೋಟಕ್ಕೆ ಬಂದು ಸೇರಿದ್ದೇನೆ. ಕೈ ಮಾತ್ರ ಆ ಅಭ್ಯಾಸ ಬಿಟ್ಟಿಲ್ಲ.

ಈ ಕೆಲಸಕ್ಕೆ ನಾನು ಸೇರಿದ್ದಕ್ಕೆ ಕಾರಣ ಒಂದು ಹುಳ. ನಾನು ಕೃಷಿ ಪದವಿ ಓದುತ್ತಿದ್ದಾಗ, 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ ಕಾಫಿ ಬೆರ್ರಿ ಬೋರರ್ ಸಿಕ್ಕಿತೆಂಬ ಸುದ್ದಿ ಬಂತು. ಆಫ್ರಿಕಾ ಮೂಲದ, ಎರಡು ಮಿಲಿಮೀಟರ್ ಕೂಡ ಇಲ್ಲದ ಕಪ್ಪು ದುಂಬಿ. ಹಣ್ಣಿನ ಹೊಕ್ಕುಳಿನಲ್ಲಿ ಸೂಜಿ ಚುಚ್ಚಿದಷ್ಟು ತೂತು ಕೊರೆದು ಬೀಜದೊಳಗೇ ಸಂಸಾರ ಹೂಡುತ್ತದೆ. "ಗೂಡಲೂರು ಎಲ್ಲಿ, ನಾವೆಲ್ಲಿ" ಅಂದಿದ್ದರು ಅಪ್ಪಯ್ಯ. ಅದು ಕೊಡಗು ದಾಟಿ ನಮ್ಮ ಕಡೆಗೂ ಬಂತು. ಅಲ್ಲಿಂದ ಈಚೆಗೆ ಕೊಯ್ಲು ಮುಗಿದ ಮೇಲೂ ಗಿಡದಲ್ಲಿ ಒಂದು ಹಣ್ಣು ಉಳಿಯದ ಹಾಗೆ ಬಿಡಿಸಬೇಕು, ನೆಲಕ್ಕೆ ಉದುರಿದ್ದನ್ನು ಹೆಕ್ಕಿಸಬೇಕು. ಆ ಖರ್ಚು ಪ್ರತಿ ವರ್ಷ ಇದ್ದೇ ಇದೆ. ಒಳಗೆ ಬಂದ ಹುಳ ಆಮೇಲೆ ವಾಪಸು ಹೋಗುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲು ನಮ್ಮ ಕಣದಲ್ಲಿ ನೋಡಿದ್ದೆ.

ಕೆಲಸದ ಸಾಮಾನು ಬಹಳ ಇರಲಿಲ್ಲ. ಬಿಳಿ ಟ್ರೇ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಟಾರ್ಚ್, ಚಾಕು, ಸಣ್ಣ ಕುಂಚ, ಗುಂಡುಸೂಜಿ, ಆಲ್ಕೋಹಾಲ್ ತುಂಬಿದ ಪುಟ್ಟ ಶೀಸೆಗಳು. ದ್ರಾಕ್ಷಿಯಾದರೆ ಗೊಂಚಲನ್ನು ಟ್ರೇ ಮೇಲೆ ಕೊಡವಬೇಕು. ಥ್ರಿಪ್ಸ್, ನುಸಿಯಂಥ ಪುಟ್ಟ ಹುಳ ಬಿದ್ದರೆ ಬಿಳಿಯ ಮೇಲೆ ಹರಿದಾಡುವುದು ಕಾಣುತ್ತದೆ. ಕಿತ್ತಳೆಯಲ್ಲಿ ತೊಟ್ಟಿನ ಗುಂಡಿಯ ಅಡಿ ನೋಡಬೇಕು. ಪೇರ್ ಹಣ್ಣಿನ ಬುಡದ ಕುಚ್ಚಿನೊಳಗೆ ಹಿಟ್ಟು ತಿಗಣೆ ಹತ್ತಿಯ ಎಳೆಯಂತೆ ಕೂತಿರುತ್ತದೆ. ಎಲ್ಲಕ್ಕಿಂತ ಕಷ್ಟ ಕಿವಿ ಹಣ್ಣು. ಅದರ ರೋಮದ ನಡುವೆ, ಚಿಪ್ಪಿನಡಿ ಅಂಟಿಕೊಂಡು ರಸ ಹೀರುವ ಶಲ್ಕ ಕೀಟ ಕೂತರೆ ಸಿಪ್ಪೆಯದೇ ಒಂದು ಕಲೆ ಅನಿಸುತ್ತದೆ. 2021ರ ಡಿಸೆಂಬರಿನಲ್ಲಿ ಇರಾನಿನ ಕಿವಿಯನ್ನು ನಮ್ಮ ದೇಶ ತಡೆಹಿಡಿದದ್ದು ಇಂಥ ಕೀಟ ಮತ್ತೆ ಮತ್ತೆ ಸಿಕ್ಕಿದ್ದರಿಂದಲೇ.

ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ವಾರವೇ ಸೇಬಿನ ಮೇಲಿನ ಒಂದು ಕೆಂಪು ಉಂಗುರ ತೋರಿಸಿದರು. ನಡುವೆ ಸಾಸಿವೆಗಿಂತ ಚಿಕ್ಕ ಬೂದು ಚುಕ್ಕೆ. ಸ್ಯಾನ್ ಹೋಸೆ ಶಲ್ಕ ಕೀಟ. "ಸಿಕ್ಕಿತು ಅಂತ ಕುಣೀಬೇಡ, ಬದುಕಿದೆಯಾ ಹೇಳು" ಅಂದರು. ಸೂಜಿಯಿಂದ ಚಿಪ್ಪು ಎಬ್ಬಿಸಬೇಕು. ಅಡಿಯಲ್ಲಿ ನಿಂಬೆಹಳದಿ ಮೈ ಇದ್ದು, ಚುಚ್ಚಿದಾಗ ರಸ ಒಸರಿದರೆ ಜೀವ ಇದೆ. ಒಣಗಿ ಕಂದಾಗಿದ್ದರೆ ಸತ್ತಿದೆ. ವರದಿಯಲ್ಲಿ ಒಂದು ಪದದ ವ್ಯತ್ಯಾಸ, ಆದರೆ ಒಂದು ಇಡೀ ಕಂಟೇನರ್ ಹೋಗುವುದೋ ನಿಲ್ಲುವುದೋ ಎಂಬುದು ಆ ಸೂಜಿಯ ತುದಿಯಲ್ಲಿರುತ್ತಿತ್ತು. ಆ ಮೇಲೆ ನಾನು ಯಾವತ್ತೂ ಚಿಪ್ಪು ಎಬ್ಬಿಸದೆ ಸಹಿ ಮಾಡಲಿಲ್ಲ.

ಹಣ್ಣು ನೊಣದ ಮೊಟ್ಟೆ ಸಿಪ್ಪೆಯ ಒಳಗಿರುತ್ತದೆ, ಅದನ್ನು ಕತ್ತರಿಸಿಯೇ ನೋಡಬೇಕು. ಮೆಡಿಟರೇನಿಯನ್ ಹಣ್ಣು ನೊಣ ನಮ್ಮಲ್ಲಿಲ್ಲ, ಬರಲೂ ಬಾರದು. ಅದಿರುವ ದೇಶದ ಹಣ್ಣನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಹತ್ತು ಹನ್ನೆರಡು ದಿನ ಇಟ್ಟು ಮೊಟ್ಟೆ ಮರಿಗಳನ್ನು ಸಾಯಿಸಿ ಕಳಿಸಬೇಕು. ಹಡಗಿನಲ್ಲೇ ಆ ತಂಪು ಕೊಟ್ಟಿದ್ದರೆ ಹಣ್ಣಿನ ತಿರುಳಿಗೆ ಚುಚ್ಚಿಟ್ಟ ಮಾಪಕಗಳ ದಾಖಲೆಯನ್ನು ಗಂಟೆಗಂಟೆಯ ಲೆಕ್ಕದಲ್ಲಿ ಓದುತ್ತಿದ್ದೆ. ನಡುವೆ ಒಂದು ರಾತ್ರಿ ಉಷ್ಣತೆ ಮೇಲೇರಿದ್ದರೆ ಆ ತಂಪಿಗೆ ಅರ್ಥವಿಲ್ಲ. ಮರಿಯಾಗಿದ್ದಾಗ ಸೇಬಿನೊಳಗೆ ಕೊರೆದು ತಿನ್ನುವ ಕಾಡ್ಲಿಂಗ್ ಪತಂಗ ನಮ್ಮ ದೇಶದಲ್ಲಿ ಲಡಾಖ್ ಬಿಟ್ಟರೆ ಇಲ್ಲ. ಅದು ಹಿಮಾಚಲ ಮುಟ್ಟದಿರಲೆಂದು ನಾವು ಚೆನ್ನೈ ಬಂದರಿನಲ್ಲಿ ಸೇಬು ಸೀಳುತ್ತಿದ್ದೆವು.

ಎಷ್ಟು ಹಣ್ಣು ನೋಡಿದರೆ ಸಾಕು? ತುಂಬಾ ಜನ ಕೇಳುವ ಪ್ರಶ್ನೆ. ಒಂದು ದೊಡ್ಡ ಕಂಟೇನರಿನಲ್ಲಿ ಸುಮಾರು ಒಂದು ಲಕ್ಷ ಸೇಬು ಇರುತ್ತದೆ. ಸಾವಿರಕ್ಕೆ ಐದರಲ್ಲಿ ಹುಳ ಇದೆ ಅಂದುಕೊಳ್ಳಿ. ಎಲ್ಲ ಮೂಲೆಯಿಂದ ತೆಗೆದ 600 ಹಣ್ಣು ನೋಡಿದರೆ ನೂರಕ್ಕೆ 95 ಸಲ ಒಂದಾದರೂ ಸಿಗುತ್ತದೆ. ಉಳಿದ ಐದು ಸಲ ಆ 500 ಹುಳುಕು ಹಣ್ಣು ನಮ್ಮ ಕಣ್ಣೆದುರೇ ಊರೊಳಗೆ ಹೋಗುತ್ತದೆ. ಈ ಲೆಕ್ಕ ನನ್ನ ನಿದ್ದೆ ಕೆಡಿಸುತ್ತಿತ್ತು. ಬಾಗಿಲ ಹತ್ತಿರದ ಪೆಟ್ಟಿಗೆಗಳನ್ನಷ್ಟೇ ಬಿಚ್ಚಿ ಮುಗಿಸುವ ಪದ್ಧತಿಯನ್ನು ನಾನು ಒಪ್ಪದೆ ಇದ್ದದ್ದು ಇದಕ್ಕೇ. ಹಮಾಲರು ಬೇಸರ ಮಾಡಿಕೊಳ್ಳುತ್ತಿದ್ದರು, ಏಜೆಂಟರು ಗಡಿಯಾರ ತೋರಿಸುತ್ತಿದ್ದರು. ನಾನು ಹಿಂದಿನ ಸಾಲಿನ ಪೆಟ್ಟಿಗೆಯನ್ನೂ ಇಳಿಸಲು ಹೇಳುತ್ತಿದ್ದೆ.

ಬಂದರು ಕೊನೆಯ ಜರಡಿ ಅಷ್ಟೆ. ನಿಜವಾದ ತಡೆ ಹಣ್ಣು ಬೆಳೆದ ತೋಟದಲ್ಲೇ ಇರಬೇಕು. ಕೀಟ, ಪೀಡೆಗಳನ್ನು ತಡೆಯುವ 1914ರ ಕಾಯ್ದೆಯ ಅಡಿಯಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶ ಬಂದ ಮೇಲೆ ಇದಕ್ಕೊಂದು ಬಿಗಿ ಬಂತು. ಯಾವ ದೇಶದ ಯಾವ ಹಣ್ಣು, ಅದರಲ್ಲಿ ಯಾವ ಕೀಟ ಬರಬಹುದು ಎಂದು ಮೊದಲೇ ಅಳೆದು, ಆ ಕೀಟ ಇಲ್ಲವೆಂದು ಅಲ್ಲಿನ ಸರಕಾರ ಬರೆದು ಕೊಟ್ಟರೆ ಮಾತ್ರ ಪ್ರವೇಶ. ವ್ಯಾಪಾರಿಗಳು ಆ ಪ್ರಮಾಣಪತ್ರವನ್ನು "ಫೈಟೋ" ಅನ್ನುತ್ತಾರೆ. ಹಣ್ಣು ತರಿಸಲು ಹೊರಟ ನಮ್ಮ ಕಡೆಯ ಹುಡುಗರಿಗೆ ನಾನು ಹೇಳುವುದಿಷ್ಟೇ: ನಮ್ಮ ಸರಕಾರ ಕೊಟ್ಟ ಆಮದು ಪರ್ಮಿಟ್ಟಿನಲ್ಲಿರುವ ಷರತ್ತಿನ ವಾಕ್ಯ ಫೈಟೋದಲ್ಲಿ ಅಕ್ಷರಕ್ಕೆ ಅಕ್ಷರ ಇದೆಯಾ ಅಂತ ಹಡಗು ಹೊರಡುವ ಮೊದಲೇ ಪ್ರತಿ ತರಿಸಿ ನೋಡಿ. ಪೆಟ್ಟಿಗೆಗಳ ಅಡಿಗಿಟ್ಟ ಮರದ ಪಟ್ಟಿಗಳ ಮೇಲೆ, ಮರದೊಳಗಿನ ಹುಳ ಸಾಯುವಷ್ಟು ಶಾಖ ಕೊಟ್ಟ ಮುದ್ರೆ ಇರಬೇಕು, ಅಂದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ನಾನು ಕಂಡ ಹಾಗೆ ಕಂಟೇನರುಗಳು ಹುಳಕ್ಕಿಂತ ಹೆಚ್ಚು ಕಾಗದದ ತಪ್ಪಿನಿಂದ ನಿಂತಿವೆ.

ಒಂದು ನಿಂತದ್ದು ಹುಳಕ್ಕೇ. ಹಾಸನದ ವ್ಯಾಪಾರಿಯೊಬ್ಬರು ಇನ್ನಿಬ್ಬರ ಜೊತೆ ಸೇರಿ ಪೇರ್ ತರಿಸಿದ್ದರು. ಬುಡದ ಕುಚ್ಚಿನಲ್ಲಿ ಜೀವಂತ ಹಿಟ್ಟು ತಿಗಣೆ. ಫೋನ್ ಮಾಡಿದರು: "ಸಾರ್, ನೀವು ನಮ್ಮ ಕಡೆಯೋರಂತೆ. ಸಾಲ ಮಾಡಿ ತರಿಸಿದೀನಿ." ಹೊಗೆ ಉಪಚಾರ ಮಾಡಿಸದೆ ಬಿಡಲಾಗುವುದಿಲ್ಲ ಅಂದೆ. ಹುಳ ಕೊಲ್ಲುವ ಮೀಥೈಲ್ ಬ್ರೋಮೈಡ್ ಅನಿಲ ಕೊಟ್ಟ ಪೇರ್ ಬೇಗ ಕಂದಾಗಿ, ಅರ್ಧ ಬೆಲೆಗೂ ಹೋಗಲಿಲ್ಲ. "ಒಂದು ತಿಗಣೆಗೋಸ್ಕರ ನನ್ನ ಹೊಟ್ಟೆ ಮೇಲೆ ಹೊಡೆದ್ರಿ" ಅಂದರು. ಆ ಮಾತು ಇವತ್ತಿಗೂ ನೋಯುತ್ತದೆ. ಆದರೆ ಅದೇ ಸಮಯಕ್ಕೆ ಪರಂಗಿಯ ಹಿಟ್ಟು ತಿಗಣೆಯ ಕಥೆ ನನ್ನ ಕಣ್ಣ ಮುಂದಿತ್ತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡದ್ದು ಪರಂಗಿಯಿಂದ ಹಿಪ್ಪುನೇರಳೆಗೆ ಹಾರಿ ರೇಷ್ಮೆಯವರನ್ನೂ ಅಳಿಸಿತು. 2010ರಲ್ಲಿ ಪೋರ್ಟೊರಿಕೊದಿಂದ, ಆ ತಿಗಣೆಯ ಮೈಯಲ್ಲೇ ಬೆಳೆದು ಅದನ್ನು ಕೊಲ್ಲುವ ಪರಾವಲಂಬಿ ಕಣಜವನ್ನು ತರಿಸಿ ಬಿಟ್ಟ ಮೇಲೆ ಹತೋಟಿಗೆ ಬಂತು. ಅಂಥ ಕಣಜ ಪ್ರತಿ ಸಲ ಸಿಗುತ್ತದೆಂಬ ನಂಬಿಕೆ ಇಲ್ಲ. ಅರಸೀಕೆರೆಯ ತೆಂಗಿನವರನ್ನು ಕೇಳಿ: ಮೊದಲು ನುಸಿ ಪೀಡೆ, 2016ರ ಆಚೆಗೆ ಸುರುಳಿ ಬಿಳಿನೊಣ. ಗರಿಯ ಮೇಲೆ ಮಸಿ ಕೂತ ತೋಟದಲ್ಲಿ ನಿಂತರೆ ನನ್ನ ಸಹಿಯ ಬೆಲೆ ಏನೆಂದು ತಿಳಿಯುತ್ತದೆ.

ನಾವು ಬರೀ ಪಡೆಯುವವರಲ್ಲ, ಕೊಟ್ಟವರೂ ಹೌದು. ನಮ್ಮ ಏಷ್ಯಾದ ಮಾವಿನ ಹಣ್ಣು ನೊಣ 2003ರಲ್ಲಿ ಕೆನ್ಯಾದಲ್ಲಿ ಪತ್ತೆಯಾಗಿ ಆಫ್ರಿಕಾದ ಮಾವು ಬೆಳೆಗಾರರನ್ನು ಹೈರಾಣು ಮಾಡಿತು. 2014ರ ಮೇ ತಿಂಗಳಿನಿಂದ ಯುರೋಪು ನಮ್ಮ ಮಾವು ನಿಲ್ಲಿಸಿದ್ದೂ ಹಣ್ಣು ನೊಣಕ್ಕೇ. ಆಗ ಕೋಪ ಮಾಡಿಕೊಂಡವರಿಗೆ ನಾನು ಹೇಳಿದ್ದು, ಆ ಕಡೆಯ ಟ್ರೇ ಹಿಂದೆಯೂ ನನ್ನಂಥವನೇ ಕೂತಿದ್ದಾನೆ ಅಂತ.

ಕಳೆದ ವರ್ಷ ಈ ಕೆಲಸ ಮನೆಯೊಳಗೇ ಬಂತು. ತಂಗಿಯ ಮಗ ಕ್ಯಾಲಿಫೋರ್ನಿಯಾದಿಂದ ಬಂದವನು ಪೆಟ್ಟಿಗೆಯಿಂದ ಒದ್ದೆ ಬಟ್ಟೆ ಸುತ್ತಿದ ಕಟ್ಟು ತೆಗೆದ. "ಮಾವ, ನಿಮಗೇ ಅಂತ ತಂದೆ." ಒಳಗೆ ಬೆಣ್ಣೆಹಣ್ಣಿನ ಹ್ಯಾಸ್ ತಳಿಯ ಕಸಿ ಕಡ್ಡಿಗಳು. ಈಗ ಕಾಫಿ ತೋಟದವರೆಲ್ಲ ನೆಡುತ್ತಿರುವ ಗಿಡ, ಪ್ರೀತಿಯಿಂದಲೇ ತಂದಿದ್ದ. ಕಡ್ಡಿಗಳು ನಳನಳಿಸುತ್ತಿದ್ದವು. ಮಸೂರ ಹಿಡಿದೆ, ಏನೂ ಇರಲಿಲ್ಲ. ಆದರೆ ಬೆಣ್ಣೆಹಣ್ಣಿಗೆ ರೋಗ ತರುವ, ವೈರಸ್ಸಿಗಿಂತಲೂ ಚಿಕ್ಕದಾದ ಸನ್‌ಬ್ಲಾಚ್ ವೈರಾಯ್ಡ್ ಯಾವ ಮಸೂರಕ್ಕೂ ಕಾಣುವುದಿಲ್ಲ. ಅದನ್ನು ಹೊತ್ತ ಮರ ಯಾವ ಲಕ್ಷಣವನ್ನೂ ತೋರಿಸದೆ ಇರಬಲ್ಲದು, ಕಸಿಯಲ್ಲಿ ಸುಮ್ಮನೆ ದಾಟುತ್ತದೆ. ಇದಕ್ಕೇ ಪರ್ಮಿಟ್ಟು, ಬಂದ ಮೇಲೂ ಬೇರೆಯಾಗಿಟ್ಟು ಬೆಳೆಸಿ ಪರೀಕ್ಷಿಸುವ ನಿಯಮ.

"ಬಾಬಾ ಬುಡನ್ ಏಳು ಬೀಜ ಕದ್ದು ತರದೆ ಇದ್ದಿದ್ರೆ ಈ ತೋಟ ಎಲ್ಲಿರ್ತಿತ್ತು ಮಾವ?" ಅಂದ. ನಾನು ಒಂದು ಗಳಿಗೆ ಸುಮ್ಮನಾದೆ. ಆಮೇಲೆ 1869ರಲ್ಲಿ ಸಿಲೋನಿನ ಕಾಫಿಯನ್ನು ಎಲೆ ತುಕ್ಕು ರೋಗ ತಿಂದದ್ದು, ಅದು ಸಮುದ್ರ ದಾಟಿ ನಮ್ಮ ಗಿಡಗಳಿಗೂ ಬಂದದ್ದು, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದಂದಿನಿಂದ ಆ ತುಕ್ಕಿನ ಜೊತೆ ಗುದ್ದಾಡುತ್ತಲೇ ಇರುವುದು, ಎಲ್ಲ ಹೇಳಿದೆ. ಬೆಣ್ಣೆಹಣ್ಣಿನ ಕಸಿ ಗಿಡ ಬೇಕಾದರೆ ಕೊಡಗಿನ ಚೆಟ್ಟಳ್ಳಿಯಲ್ಲಿ ಸರಕಾರಿ ತೋಟಗಾರಿಕಾ ಕೇಂದ್ರ ಇದೆ, ನಾಳೆಯೇ ಹೋಗೋಣ ಅಂದೆ. ತಂಗಿಗೆ ಬೇಜಾರಾಯಿತು: "ಅಷ್ಟು ದೂರದಿಂದ ಹೊತ್ಕೊಂಡು ಬಂದಿದಾನಲ್ಲೋ ಅಣ್ಣ." ಕಡ್ಡಿ, ಬಟ್ಟೆ, ಪ್ಲಾಸ್ಟಿಕ್ ಕವರಿನಲ್ಲಿದ್ದ ತೇವದ ಪಾಚಿ, ಎಲ್ಲವನ್ನೂ ಬಚ್ಚಲೊಲೆಗೆ ಹಾಕಿದೆ. ಹಸಿ ಕಡ್ಡಿ, ಉರಿಯಲು ಹೊತ್ತು ಹಿಡಿಯಿತು. ಬೂದಿಯಾಗುವ ತನಕ ಅವನೂ ನಾನೂ ಅಲ್ಲೇ ಕೂತಿದ್ದೆವು.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವನು ಬಚ್ಚಲ ಕಲ್ಲಿನ ಮೇಲೆ ತನ್ನ ಶೂ ಇಟ್ಟುಕೊಂಡು ಕೂತಿದ್ದ. ಕಡ್ಡಿ ಕತ್ತರಿಸಲು ಅಲ್ಲಿನ ತೋಟದಲ್ಲಿ ಓಡಾಡಿದ ಶೂ. ಅಟ್ಟೆಯ ಸಂದಿನಲ್ಲಿ ಮಣ್ಣು ಹಾಗೇ ಇತ್ತು. ಹಳೆಯ ಬ್ರಷ್ ಕೊಟ್ಟೆ. ತೊಳೆದ ನೀರು ಮೋರಿಯಲ್ಲಿ ತೋಟದ ಕಡೆ ಇಳಿಯದ ಹಾಗೆ ಬಕೆಟಿನಲ್ಲಿ ಹಿಡಿದು, ಹಂಡೆ ಇಳಿಸಿದ ಒಲೆಯ ಮೇಲೆ ಹಳೇ ಪಾತ್ರೆಯಿಟ್ಟು ಕುದಿಸಿದೆವು.